ನುಡಿಸುತ್ತಿದ್ದವರನ್ನು ಕೇಳುಗರನ್ನಾಗಿ ಮಾಡಿದವರು

ಧಾರವಾಡ ಜಿಲ್ಲೆಯ ಜನ ಪರಊರಿಗೆ ಹೋದಾಗ ತಪ್ಪದೆ ಹೇಳಿಕೊಳ್ಳುವ ಒಂದು ಮಾತಿದೆ: ‘ನಮ್ಮ ಕಡೆ ನೀರಾಗ ಸಂಗೀತ ಐತ್ರಿ.’ ಅದರ ಬೆನ್ನಿಗೇ ಹೆಸರುಗಳ ಸಾಲು ಬರುತ್ತದೆ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಕುಂದಗೋಳ ತಾಲ್ಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು, ಮಲ್ಲಿಕಾರ್ಜುನ ಮನಸೂರ. ನಾನೂ ಈ ಹೆಸರುಗಳನ್ನು ಹೇಳಿ ಬೆನ್ನು ತಟ್ಟಿಸಿಕೊಂಡವನೇ. ಈ ಹಿರಿಯರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ನಮ್ಮ ಹೆಮ್ಮೆಯ ಬಗ್ಗೆ.

ಇವತ್ತು ಸಂಜೆ ನವಲಗುಂದದ ಒಬ್ಬ ಗೌಂಡಿ, ಅಣ್ಣಿಗೇರಿಯ ಒಬ್ಬ ಹಮಾಲ, ಕಲಘಟಗಿಯ ಒಬ್ಬ ಅಂಗನವಾಡಿ ಕಾರ್ಯಕರ್ತೆ, ಕುಂದಗೋಳದ ಒಬ್ಬ ಮೆಣಸಿನಕಾಯಿ ರೈತ ದಿನದ ದುಡಿಮೆ ಮುಗಿಸಿ ಒಂದು ತಂತಿವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕು ಜನರ ಜೊತೆ ಕೂತು ನುಡಿಸಬೇಕು ಎಂದು ಆಸೆಪಟ್ಟರೆ ಅವರಿಗೆ ಜಾಗ ಎಲ್ಲಿದೆ? ಅವರಿಗೆ ನಲವತ್ತು ದಾಟಿದೆ. ಅವರು ಕಲಾವಿದರಾಗುವುದಿಲ್ಲ. ಪರೀಕ್ಷೆ ಕಟ್ಟುವುದಿಲ್ಲ. ಸುಮ್ಮನೆ ನುಡಿಸಬೇಕು ಅಷ್ಟೆ. ಇಂಥವರಿಗೆ ನಮ್ಮ ಸಂಗೀತದ ನಾಡು ಏನು ಹೇಳುತ್ತದೆ? ‘ಕೂಡ್ರಿ, ಕೇಳ್ರಿ’ ಎನ್ನುತ್ತದೆ.

ಹಿಂದೆ ಹೀಗಿರಲಿಲ್ಲ. ನುಡಿಸುತ್ತಿದ್ದವರನ್ನು ನಾವು ಒಂದೆರಡು ತಲೆಮಾರಿನೊಳಗೆ ಕೇಳುಗರನ್ನಾಗಿ ಮಾಡಿಬಿಟ್ಟೆವು. ಇದನ್ನು ಮಾಡಿದವರು ಯಾರು ಎಂಬುದನ್ನು ಈಗಲಾದರೂ ಮುಚ್ಚುಮರೆಯಿಲ್ಲದೆ ಮಾತಾಡಬೇಕು.

ಜಂತಿಗೆ ತೂಗುಹಾಕಿದ ಏಕತಾರಿ

ನಮ್ಮದು ಕುಂದಗೋಳ ತಾಲ್ಲೂಕಿನ ಒಂದು ಸಣ್ಣ ಊರು. ನಾವು ಪಿಂಜಾರರು. ಕಾಗದದಲ್ಲಿ ನದಾಫ್ ಎಂದು ಬರೆಯುತ್ತಾರೆ. ನಮ್ಮಜ್ಜ ಊರೂರು ತಿರುಗಿ ಗಾದಿಯ ಹತ್ತಿ ಹಿಂಜುತ್ತಿದ್ದ. ಹಿಂಜುವ ಬಿಲ್ಲನ್ನು ನೋಡಿದವರಿಗೆ ಗೊತ್ತು, ಅದೂ ಒಂದು ತಂತಿವಾದ್ಯವೇ. ಬಿಗಿದ ನರದ ಮೇಲೆ ಕೊಡತಿ ಬಿದ್ದಾಗ ‘ಟಂಯ್ ಟಂಯ್’ ಎಂದು ನಾದ ಹೊರಡುತ್ತದೆ, ಹತ್ತಿ ಹೂವಾಗಿ ಹಾರುತ್ತದೆ. ಅಜ್ಜನ ಬಿಲ್ಲು ನಿಂತ ಮೇಲೆ ಅಪ್ಪ ಏಕತಾರಿ ಹಿಡಿದ.

ಸೋಮವಾರ ರಾತ್ರಿ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಭಜನೆ ಮೇಳ ಕೂಡುತ್ತಿತ್ತು. ಅಮಾವಾಸ್ಯೆಗೆ ಒಮ್ಮೆ, ಶ್ರಾವಣದಲ್ಲಿ ದಿನಾಲೂ. ಎರಡು ಏಕತಾರಿ, ಒಂದು ಹಾರ್ಮೋನಿಯಂ, ದಮ್ಮಡಿ, ತಾಳ. ಕೂಡ್ರುವವರಲ್ಲಿ ಲಿಂಗಾಯತರು, ಕುರುಬರು, ಒಬ್ಬ ಬಡಿಗ, ಒಬ್ಬ ತಳವಾರ, ನಮ್ಮಪ್ಪ. ಹಾಡುತ್ತಿದ್ದದ್ದು ಶರೀಫರ ತತ್ವಪದ, ಬಸವಾದಿ ಶರಣರ ವಚನ, ಊರವರೇ ಕಟ್ಟಿದ ಪದ. ಮೊಹರಂ ಬಂದರೆ ಇದೇ ಜನ ಅಲಾವಿಯ ಮುಂದೆ ನಿಂತು ಕರ್ಬಲಾದ ರಿವಾಯತ್ ಪದ ಹೇಳುತ್ತಿದ್ದರು. ದೇವರು ಬೇರೆ, ಮೇಳ ಅದೇ.

1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಹುಬ್ಬಳ್ಳಿಯ ಕಾವು ನಮ್ಮ ಊರಿಗೆ ಬರಲು ಬಸ್ಸಿನಷ್ಟೇ ಹೊತ್ತು ಸಾಕು. ಕೆಲವು ತಿಂಗಳ ನಂತರ ಮೇಳದ ಹುಡುಗರು ಅಪ್ಪನಿಗೆ, ‘ಕಾಕಾ, ನೀವು ಕಟ್ಟಿ ಕೆಳಗ ಕುಂತ್ರೂ ನಡೀತೈತಿ’ ಎಂದರು. ಅದೇ ವರ್ಷ ನಮ್ಮವರೇ ಒಬ್ಬ ಹಿರಿಯರು ಮನೆಗೆ ಬಂದು, ‘ಗುಡಿ ಕಟ್ಟಿ ಮ್ಯಾಲೆ ತಂತಿ ಮೀಟೋದು ನಮಗ ಹರಾಮು’ ಎಂದು ಹೇಳಿಹೋದರು. ಅಪ್ಪ ಯಾರ ಮೇಲೂ ಸಿಟ್ಟಾಗಲಿಲ್ಲ. ಏಕತಾರಿಯನ್ನು ಒಂದು ಹಳೆಯ ಲುಂಗಿಯಲ್ಲಿ ಸುತ್ತಿ ಜಂತಿಗೆ ತೂಗುಹಾಕಿದ. ಆಮೇಲೆ ಸೋಮವಾರ ರಾತ್ರಿ ಅವನು ರೇಡಿಯೋ ಕೇಳತೊಡಗಿದ. ನುಡಿಸುವವನು ಕೇಳುಗನಾದದ್ದು ಹೀಗೆ.

ಇದು ನಮ್ಮೊಬ್ಬರ ಮನೆಯ ಕತೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಜಂತಿಗಳಿಗೆ ಏಕತಾರಿ ತೂಗುಬಿದ್ದಿವೆ ಎಂದು ಯಾರೂ ಎಣಿಸಿಲ್ಲ. ಎಣಿಸಬೇಕು ಎಂದು ಯಾರಿಗೂ ಅನಿಸಿಯೂ ಇಲ್ಲ.

ದೊಡ್ಡವರು ಎಲ್ಲಿಂದ ಬಂದರು?

ಕುಂದಗೋಳದ ಹೆಸರು ಬೆಳೆದ ಬಗೆಯನ್ನೇ ನೋಡಿ. ಸ್ವಾತಂತ್ರ್ಯಕ್ಕೆ ಮುಂಚೆ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿ ಮೀರಜಿನಲ್ಲಿ ನೆಲೆನಿಂತ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ದರ್ಬಾರಿಗೆ ಹೋಗಿಬರುವಾಗ ಇಲ್ಲಿನ ನಾಡಗೀರ ವಾಡೆಯಲ್ಲಿ ಇಳಿಯುತ್ತಿದ್ದರು. ಆ ಊರಿನ ಗುಮಾಸ್ತರೊಬ್ಬರ ಮಗ ರಾಮಭಾವು ಅವರ ಶಿಷ್ಯನಾಗಿ ಸವಾಯಿ ಗಂಧರ್ವರಾದರು. ಅವರಲ್ಲಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು, ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಇದ್ದು ನೀರು ಹೊತ್ತರು. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ ಅವರ ಪುಣ್ಯತಿಥಿಗೆ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುವ ಪದ್ಧತಿ ಬಂತು. ಎತ್ತಿನ ಗಾಡಿ ಕಟ್ಟಿಕೊಂಡು ಬಂದ ಒಕ್ಕಲಿಗರು ಬೆಳಗಿನವರೆಗೆ ಕೂತು ಕೇಳುತ್ತಿದ್ದರು ಎಂದು ಹಿರಿಯರು ನೆನೆಯುತ್ತಾರೆ.

ಈ ಕತೆಯನ್ನು ನಾವು ಗುರುಶಿಷ್ಯರ ಕತೆಯಾಗಿ ಮಾತ್ರ ಹೇಳುತ್ತೇವೆ. ಗಾಡಿ ಕಟ್ಟಿಕೊಂಡು ಬಂದ ಆ ಒಕ್ಕಲಿಗರಿಗೆ ಕಿವಿ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಶಾಲೆಯಲ್ಲಿ ಅವರಿಗೆ ಯಾರೂ ರಾಗ ಹೇಳಿಕೊಟ್ಟಿರಲಿಲ್ಲ. ಕಿವಿ ಬಂದದ್ದು ಭಜನೆಯ ಕಟ್ಟೆಯಿಂದ, ಸಣ್ಣಾಟ ದೊಡ್ಡಾಟಗಳಿಂದ, ನಾಟಕ ಕಂಪನಿಯ ಹಾಡನ್ನು ಹೊಲದಲ್ಲಿ ಮತ್ತೆ ಹಾಡಿಕೊಂಡದ್ದರಿಂದ. ಅವರು ತಾವೂ ಒಂದಿಷ್ಟು ಹಾಡಿದವರು, ಮೀಟಿದವರು. ಭೀಮಸೇನರ ಬಾಲ್ಯದ ಪ್ರಸಂಗ ಎಲ್ಲರಿಗೂ ಗೊತ್ತು. ಭಜನೆ ಮೇಳದ, ಬ್ಯಾಂಡಿನವರ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದ ಹುಡುಗನನ್ನು ಹುಡುಕಿ ಸಾಕಾಗಿ, ಮಾಸ್ತರರಾಗಿದ್ದ ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ. ಇದನ್ನು ನಾವು ನಕ್ಕು ಹೇಳುತ್ತೇವೆ. ಆ ಹುಡುಗ ಬೆನ್ನು ಹತ್ತಿ ಹೋದದ್ದು ಯಾವ ಪಂಡಿತರನ್ನೂ ಅಲ್ಲ. ಹೆಸರಿಲ್ಲದ ಮೇಳದವರನ್ನು. ಇವತ್ತು ಅಂಥ ಹುಡುಗನೊಬ್ಬ ನಮ್ಮ ಬೀದಿಗೆ ಬಂದರೆ ಅವನು ಯಾರ ಬೆನ್ನು ಹತ್ತಬೇಕು? ಡಿಜೆ ಹೊತ್ತ ಟ್ರ್ಯಾಕ್ಟರಿನದೇ?

ಮೇಳ ಎಂಬ ಶಾಲೆ

ಭಜನೆ ಮೇಳವನ್ನು ಭಕ್ತಿಯ ವಿಷಯವೆಂದೋ ಜನಪದ ಕಲೆಯೆಂದೋ ಬದಿಗೆ ಸರಿಸುವವರು ಅದು ಕೆಲಸ ಮಾಡುವ ಬಗೆಯನ್ನು ನೋಡಿಲ್ಲ. ಹೊಸಬನೊಬ್ಬ ಬಂದರೆ ಅವನ ಕೈಗೆ ಮೊದಲು ಕೊಡುವುದು ಏಕತಾರಿ. ಸೋರೆ ಬುರುಡೆ, ಒಂದು ಬಿದಿರು, ಒಂದು ಉಕ್ಕಿನ ತಂತಿ. ಮುಂದಾಳು ಹಾಡುಗಾರನ ದನಿಗೆ ತಂತಿಯನ್ನು ಹಿರಿಯನೊಬ್ಬ ಕೂಡಿಸಿಕೊಡುತ್ತಾನೆ. ಆಮೇಲೆ ಹೊಸಬನಿಗೆ ಉಳಿಯುವ ಕೆಲಸ ಒಂದೇ, ತೋರುಬೆರಳಿನಿಂದ ಲಯ ತಪ್ಪದೆ ಮೀಟುವುದು. ಸ್ವರ ತಪ್ಪುವ ಭಯವಿಲ್ಲ, ಏಕೆಂದರೆ ಇರುವುದೇ ಒಂದು ಸ್ವರ. ಆದರೆ ಆ ಒಂದು ಸ್ವರದ ಮೇಲೆ ಇಡೀ ಮೇಳ ನಿಂತಿದೆ ಎಂಬುದು ಅವನಿಗೆ ಮೊದಲ ರಾತ್ರಿಯೇ ತಿಳಿಯುತ್ತದೆ. ಮೀಟುತ್ತ ಮೀಟುತ್ತ ಪಲ್ಲವಿಗೆ ದನಿಗೂಡಿಸುತ್ತಾನೆ. ಹಿಮ್ಮೇಳದಲ್ಲಿ ವರ್ಷಗಳು ಕಳೆಯುತ್ತವೆ. ಒಂದು ದಿನ ಮುಂದಾಳು ಕೆಮ್ಮಿದಾಗ ಅವನೇ ನುಡಿ ಎತ್ತಿಕೊಳ್ಳುತ್ತಾನೆ.

ಇದರಲ್ಲಿ ಪ್ರವೇಶ ಪರೀಕ್ಷೆಯಿಲ್ಲ, ಶುಲ್ಕವಿಲ್ಲ, ವಯಸ್ಸಿನ ಮಿತಿಯಿಲ್ಲ. ಐವತ್ತರ ರೈತನೂ ಹೊಸಬನಾಗಿ ಬರಬಹುದು. ಕಲಿಯುವುದು ಮತ್ತು ನುಡಿಸುವುದು ಎಂಬ ಎರಡು ಬೇರೆ ಕಾಲಗಳಿಲ್ಲ. ಶಿಕ್ಷಣತಜ್ಞರು ಬಹಳ ಕಷ್ಟಪಟ್ಟು ಕಟ್ಟಬೇಕೆನ್ನುವ ವಯಸ್ಕರ ಶಾಲೆ ನಮ್ಮಲ್ಲಿ ತನ್ನಷ್ಟಕ್ಕೆ ಇತ್ತು.

ಲಂಡನ್ನಿನ ಪೂರ್ವ ಭಾಗದ ಟವರ್ ಹ್ಯಾಮ್ಲೆಟ್ಸ್ ದುಡಿಯುವವರ ಬಡಾವಣೆ. ಬಾಂಗ್ಲಾದೇಶದಿಂದ ಹೋದ ಕುಟುಂಬಗಳು ಅಲ್ಲಿ ಬಹಳ. ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದಾಗ, ಮಕ್ಕಳನ್ನು ಕರೆತಂದು ಹೊರಗೆ ಕಾಯುತ್ತಿದ್ದ ತಂದೆತಾಯಿಗಳಿಗೆ ನಾವೂ ಏಕೆ ಕಲಿಯಬಾರದು ಅನಿಸಿತು. 1980ರ ದಶಕದಲ್ಲಿ ಅವರು ತಮ್ಮದೇ ಒಂದು ವಾದ್ಯವೃಂದ ಕಟ್ಟಿಕೊಂಡರು. ತಡವಾಗಿ ಕಲಿಯತೊಡಗಿದವರ ವಾದ್ಯವೃಂದ ಎಂದೇ ಅದಕ್ಕೆ ಹೆಸರು. ಮೊದಲ ದಿನ ಪಿಟೀಲು ಹಿಡಿದವರೂ ಅದರಲ್ಲಿ ಕೂಡಬಹುದು, ಅವರಿಗೆ ಮೀಟಲು ಬರುವ ಒಂದೆರಡು ಸ್ವರದ ಪಾಲು ಸಿಗುತ್ತದೆ. ಇದನ್ನು ನೋಡಿ ನ್ಯೂಯಾರ್ಕಿನಲ್ಲೂ ಅಂಥದೇ ಒಂದು ತಂಡ ಹುಟ್ಟಿತು. ಅವರು ಹೊಸದಾಗಿ ಕಂಡುಕೊಂಡದ್ದು ನಮ್ಮ ಬಸವಣ್ಣನ ಕಟ್ಟೆಯ ನಿಯಮವನ್ನೇ. ಅವರು ಕಟ್ಟುತ್ತಿದ್ದಾಗ ನಾವು ಒಡೆಯುತ್ತಿದ್ದೆವು.

ತಂತಿಗೂ ಜಾತಿ

ಒಡೆದವರಲ್ಲಿ ಮೊದಲ ಪಾಲು ನಮ್ಮ ಸಮಾಜದ್ದೇ. ಮನುಷ್ಯರಿಗೆ ಹಚ್ಚಿದ ಜಾತಿಯನ್ನು ನಾವು ತಂತಿಗೂ ಹಚ್ಚಿದ್ದೇವೆ. ಚೌಡಿಕೆಗೆ ಇರುವುದು ಒಂದು ತಂತಿ, ಏಕತಾರಿಗೂ ಒಂದು ತಂತಿ. ಆದರೆ ಚೌಡಿಕೆ ಎಲ್ಲಮ್ಮನ ಜೋಗತಿಯರದು, ಆದ್ದರಿಂದ ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಅದನ್ನು ಮುಟ್ಟುವುದಿಲ್ಲ. ಏಕತಾರಿ ಸಂತರದು, ಆದ್ದರಿಂದ ಸಂಸಾರಸ್ಥ ಹೆಂಗಸಿಗೆ ಅದೂ ಸಲ್ಲ. ಸಾರಂಗಿ ಕೋಠಿಯ ಹೆಂಗಸರ ಹಿಂದೆ ನಿಂತು ನುಡಿದದ್ದು, ಆದ್ದರಿಂದ ಅದು ಕೀಳು. ಅದನ್ನು ನುಡಿಸುತ್ತಿದ್ದ ಮುಸ್ಲಿಂ ಮನೆತನಗಳ ಮಕ್ಕಳಲ್ಲಿ ಎಷ್ಟೋ ಮಂದಿ ಹಾಡಿಗೋ ಬೇರೆ ವಾದ್ಯಕ್ಕೋ ಸರಿದರು. ಸಿತಾರು ಓದಿದವರದು, ಅದಕ್ಕೆ ಧಾರವಾಡದ ಬಸ್ಸು ಹತ್ತಬೇಕು.

ಧಾರವಾಡದ ಸಿತಾರಿನ ಚರಿತ್ರೆ ಸಣ್ಣದೇನಲ್ಲ. ಬಂದೇ ಅಲಿ ಖಾನರ ಶಿಷ್ಯರಾದ ಸಿತಾರ ರತ್ನ ರಹಿಮತ್ ಖಾನರು ಉತ್ತರದಿಂದ ಬಂದು ಧಾರವಾಡದಲ್ಲಿ ನೆಲೆಸಿದರು. ಅವರ ಮೊಮ್ಮಗ ಉಸ್ತಾದ್ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ನುಡಿಸಿದರು, ಕಲಿಸಿದರು. ಆ ಮನೆತನ ಇಂದೂ ನುಡಿಸುತ್ತಿದೆ. ಆದರೆ ಆ ತಂತಿಗಳ ನಾದ ಧಾರವಾಡ ಹುಬ್ಬಳ್ಳಿಯ ಸಭಾಂಗಣ ದಾಟಿ ನವಲಗುಂದದ ಎರೆಹೊಲದವರೆಗೆ ಬಂದದ್ದು ಆಕಾಶವಾಣಿಯ ಮೂಲಕ ಮಾತ್ರ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಿನಿಂದ ಹಳ್ಳಿಯವರು ಸಿತಾರು ಕೇಳಿದ್ದಾರೆ. ಮುಟ್ಟಿ ನೋಡಿದವರು ಎಷ್ಟು ಮಂದಿ?

ಶರೀಫರನ್ನು ಕ್ಯಾಸೆಟ್ಟಿಗೆ ಕೊಟ್ಟದ್ದು

ಎರಡನೆಯ ಪಾಲು ನಮ್ಮ ಪ್ರೀತಿಯದು. ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಶಿಶುನಾಳ 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಅವರ ಗುರು ಗೋವಿಂದ ಭಟ್ಟರ ಊರು ಕಳಸ ಇರುವುದು ನಮ್ಮ ಕುಂದಗೋಳ ತಾಲ್ಲೂಕಿನಲ್ಲೇ. ಶರೀಫರ ಪದಗಳನ್ನು ಸುಮಾರು ನೂರು ವರ್ಷ ಕಾಪಾಡಿದವರು ಯಾವ ವಿಶ್ವವಿದ್ಯಾಲಯದವರೂ ಅಲ್ಲ. ಭಜನೆ ಮೇಳದವರು. ಬಾಯಿಂದ ಬಾಯಿಗೆ, ಹರಿದ ನೋಟುಬುಕ್ಕಿನಿಂದ ನೋಟುಬುಕ್ಕಿಗೆ. ಒಂದೇ ಪದಕ್ಕೆ ಈ ಊರಲ್ಲಿ ಒಂದು ಮಟ್ಟು, ಹಳ್ಳದಾಚೆಯ ಊರಲ್ಲಿ ಇನ್ನೊಂದು.

ಸುಗಮ ಸಂಗೀತದವರು ಶರೀಫರನ್ನು ವೇದಿಕೆಗೆ ತಂದರು. ಸಿ. ಅಶ್ವಥ್ ಅವರ ರಾಗ ಸಂಯೋಜನೆ, 1990ರ ನಾಗಾಭರಣರ ಸಿನಿಮಾ, ಕ್ಯಾಸೆಟ್ಟು ಎಲ್ಲ ಸೇರಿ ಶರೀಫರು ಕರ್ನಾಟಕದ ಮನೆಮನೆಗೆ ತಲುಪಿದರು. ಇದು ದೊಡ್ಡ ಕೆಲಸ. ಅದನ್ನು ಅಲ್ಲಗಳೆದರೆ ಕೃತಘ್ನತೆಯಾಗುತ್ತದೆ. ಆದರೆ ಅದರ ಬೆಲೆಯನ್ನೂ ಹೇಳಬೇಕು. ಕ್ಯಾಸೆಟ್ಟು ಬಂದ ಮೇಲೆ ‘ಸರಿಯಾದ ಮಟ್ಟು’ ಎಂಬುದೊಂದು ಹುಟ್ಟಿತು. ಅಪ್ಪನ ಮೇಳದಲ್ಲೇ ಹುಡುಗರು ಹಳೆಯ ಮಟ್ಟು ಎತ್ತಿದವರನ್ನು ತಿದ್ದತೊಡಗಿದರು. ಹಾಡಿಕೊಂಡು ಬಂದವರಿಗೆ ತಮ್ಮ ಹಾಡು ತಪ್ಪು ಎಂದು ತಿಳಿಯಿತು. ಮುಂದಿನ ಹೆಜ್ಜೆ ಸಹಜವಾದದ್ದು. ಚಲೋ ಹಾಡಿದವರದು ಹಚ್ಚಿದರಾಯಿತು, ನಾವೇಕೆ ಗಂಟಲು ಹರಿದುಕೊಳ್ಳಬೇಕು?

ಉತ್ಸವ ಮತ್ತು ಪ್ರಮಾಣಪತ್ರ

ಮೂರನೆಯ ಪಾಲು ಸರ್ಕಾರದ್ದು. ಸರ್ಕಾರಕ್ಕೆ ಸಂಗೀತದಲ್ಲಿ ಮೂರು ಬಗೆಯ ಜನ ಮಾತ್ರ ಕಾಣುತ್ತಾರೆ. ತೀರಿಕೊಂಡ ಮಹನೀಯರು, ಅವರಿಗೆ ಸ್ಮಾರಕ ಟ್ರಸ್ಟು. ಪರೀಕ್ಷೆ ಕಟ್ಟುವ ಮಕ್ಕಳು, ಅವರಿಗೆ ಜೂನಿಯರ್, ಸೀನಿಯರ್. ಪ್ರಮಾಣಪತ್ರ ಇರುವ ಕಲಾವಿದರು, ಅವರಿಗೆ ಉತ್ಸವ, ಮುಪ್ಪಿನಲ್ಲಿ ಮಾಸಾಶನ. ಈ ಮೂರರಲ್ಲಿ ಯಾವುದೂ ಆಗದ ಮನುಷ್ಯ, ಅಂದರೆ ನಮ್ಮ ಊರುಗಳ ಬಹುತೇಕ ಜನ, ಸರ್ಕಾರದ ಕಣ್ಣಿಗೆ ಪ್ರೇಕ್ಷಕರು.

ಉತ್ಸವದ ಮೆರವಣಿಗೆಗೆ ಭಜನೆ ಮೇಳವನ್ನು ಕರೆಯುತ್ತಾರೆ ನಿಜ. ಎಲ್ಲರಿಗೂ ಒಂದೇ ಬಣ್ಣದ ರುಮಾಲು ಸುತ್ತಿಸಿ, ಅಧಿಕಾರಿಗಳ ಮುಂದೆ ನಡೆಸಿ, ಫೋಟೋ ತೆಗೆಸಿ, ಬಸ್ ಚಾರ್ಜು ಕೊಟ್ಟು ಕಳಿಸುತ್ತಾರೆ. ಸಂಜೆ ವೇದಿಕೆಯ ಮೇಲೆ ಹೊರಗಿನಿಂದ ಬಂದ ಗಾಯಕರು. ಕೆಳಗೆ ಖುರ್ಚಿಯಲ್ಲಿ ರುಮಾಲಿನ ಮೇಳದವರು. ಇತ್ತೀಚೆಗೆ ಭಜನಾ ಸ್ಪರ್ಧೆಗಳೂ ಬಂದಿವೆ, ಮೊದಲ ಬಹುಮಾನ ಇಷ್ಟು ಸಾವಿರ. ಬಹುಮಾನ ಬಂದ ಮೇಲೆ ಮೇಳದವರು ಮೊದಲು ಮಾಡುವ ಕೆಲಸ ದನಿ ಒಡೆದವರನ್ನೂ ಹೊಸಬರನ್ನೂ ಹಿಂದಕ್ಕೆ ಸರಿಸುವುದು. ಮೇಳ ತಂಡವಾಗುತ್ತದೆ. ತಂಡಕ್ಕೆ ಆಯ್ಕೆ ಬೇಕು.

ನಮ್ಮವರೊಂದಿಗೆ ಒಂದು ಮಾತು

ನಾಲ್ಕನೆಯ ಪಾಲು ಧರ್ಮ ಕಾಯುವವರದು. ಎರಡೂ ಕಡೆಯವರದು. ಮೊದಲು ನಮ್ಮವರೊಂದಿಗೆ ಮಾತಾಡುತ್ತೇನೆ. ಮನೆಯೊಳಗಿನ ಜಗಳವನ್ನು ಮನೆಯೊಳಗೇ ಆಡಬೇಕು.

ಸಂಗೀತದ ಬಗ್ಗೆ ಉಲೇಮಾಗಳಲ್ಲಿ ಭಿನ್ನಮತ ಇಂದು ನಿನ್ನೆಯದಲ್ಲ. ಬೇಡ ಎಂದವರಲ್ಲಿ ದೊಡ್ಡ ವಿದ್ವಾಂಸರಿದ್ದಾರೆ. ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ, ಆಸೆಯೂ ಇಲ್ಲ. ಆದರೆ ಓದಿದವರು ಪೂರ್ತಿ ಓದಿ ಹೇಳಲಿ. 1111ರಲ್ಲಿ ತೀರಿಕೊಂಡ ಇಮಾಂ ಗಝಾಲಿಯವರು ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಹಾಡು ಕೇಳುವುದರ ಬಗ್ಗೆಯೇ ಒಂದು ಭಾಗ ಬರೆದಿದ್ದಾರೆ. ಹಾಡನ್ನು ಅವರು ಷರತ್ತುಗಳೊಂದಿಗೆ ಒಪ್ಪುತ್ತಾರೆ. ತಂತಿವಾದ್ಯಗಳನ್ನು ದೂರವಿಡುತ್ತಾರೆ. ಇದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಆದರೆ ದೂರವಿಡಲು ಅವರು ಕೊಡುವ ಕಾರಣವನ್ನೂ ಮುಚ್ಚಿಡಬಾರದು. ತಂತಿಯ ನಾದ ಸುಖ ಕೊಡುತ್ತದೆ ಎಂಬುದು ಅವರ ಕಾರಣವಲ್ಲ. ಅವರ ಕಾಲದಲ್ಲಿ ಅವು ಕುಡುಕರ ಕೂಟದ ವಾದ್ಯಗಳಾಗಿದ್ದವು ಎಂಬುದು ಕಾರಣ. ಹಾಗಾದರೆ ನಮ್ಮೂರ ಕಟ್ಟೆಯ ಕೂಟ ಎಂಥದು? ಮೇಳಕ್ಕೆ ಕುಡಿದು ಬಂದವನನ್ನು ನಮ್ಮಲ್ಲಿ ಕಟ್ಟೆ ಹತ್ತಿಸುತ್ತಿರಲಿಲ್ಲ. ಕುಡಿತ ಬಿಡಲೆಂದು ಗಂಡನನ್ನು ಮೇಳಕ್ಕೆ ಸೇರಿಸಿದ ಹೆಂಗಸರನ್ನು ನಾನೇ ಬಲ್ಲೆ. ಗಝಾಲಿಯವರ ಕಾರಣವನ್ನೇ ಹಿಡಿದು ನೋಡಿದರೂ ಏಕತಾರಿ ಯಾವ ಕಡೆ ನಿಲ್ಲುತ್ತದೆ?

ಕಲಬುರ್ಗಿಯ ಖ್ವಾಜಾ ಬಂದೇ ನವಾಜರು ಸಮಾ ಕೂಟಗಳನ್ನು ಸಮರ್ಥಿಸಿದ ವಿದ್ವಾಂಸರು. 1422ರಲ್ಲಿ ಅವರು ಕಣ್ಮುಚ್ಚಿದ ಮೇಲೂ ಆ ಪರಂಪರೆ ನಿಲ್ಲಲಿಲ್ಲ. 1580ರಿಂದ 1627ರವರೆಗೆ ಬಿಜಾಪುರ ಆಳಿದ ಇಬ್ರಾಹಿಂ ಆದಿಲ್‌ಶಾಹನಿಗೆ ತನ್ನ ತಂಬೂರಿಯ ಮೇಲೆ ಎಷ್ಟು ಪ್ರೀತಿಯೆಂದರೆ ಅದಕ್ಕೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. ಅಬ್ದುಲ್ ಕರೀಂ ಖಾನರು ತಮ್ಮ ತಂಬೂರಿಗಳನ್ನು ತಾವೇ ರಿಪೇರಿ ಮಾಡುತ್ತಿದ್ದರು. ಮೀರಜಿನ ದರ್ಗಾದ ಬಳಿ ಅವರ ಸಮಾಧಿಯಿದೆ. ಅದೇ ಮೀರಜಿನಲ್ಲಿ ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ಸಿತಾರು ತಂಬೂರಿ ಮಾಡುವುದಕ್ಕೆ ತಿರುಗಿದವು. ಅವರ ಕೈಕೆಲಸಕ್ಕೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಈ ಹೆಸರುಗಳನ್ನು ‘ನಮ್ಮ ಕೊಡುಗೆ’ ಎಂದು ಸೌಹಾರ್ದ ಸಭೆಗಳಲ್ಲಿ ಹೇಳಿಕೊಳ್ಳುವ ನಾವೇ, ಊರಿನ ಬಡ ಪಿಂಜಾರನ ಏಕತಾರಿಯನ್ನು ಹರಾಮೆಂದು ಕಸಿಯುವುದು ಯಾವ ನ್ಯಾಯ? ಮದುವೆ ಮನೆಯ ಡಿಜೆಗೆ ಬಾಯಿ ಬಿಡದವರು ಮುದುಕನ ಒಂದು ತಂತಿಗೆ ಹೆದರುವುದೇಕೆ? ನುಡಿಸಬಾರದು ಎಂದು ನಂಬುವವರು ನುಡಿಸದಿರಲಿ. ಅವರ ನಂಬಿಕೆಗೆ ಗೌರವವಿದೆ. ನುಡಿಸುವವನ ಮನೆ ಬಾಗಿಲಿಗೆ ಹೋಗುವುದನ್ನು ಮಾತ್ರ ಬಿಡಲಿ.

ಇನ್ನು ಆ ಕಡೆಯವರು. ಶರೀಫ ನಮ್ಮವ ಎಂದು ಹಾಡುತ್ತ, ಶರೀಫನ ಜಾತಿಯವನನ್ನು ಕಟ್ಟೆಯ ಕೆಳಗೆ ಕೂಡಿಸುವವರಿಗೆ ಶರೀಫರ ಯಾವ ಪದವೂ ಸಹಾಯ ಮಾಡಲಾರದು. ಗೋವಿಂದ ಭಟ್ಟರು ಒಬ್ಬ ಮುಸ್ಲಿಂ ಹುಡುಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ತಮ್ಮವರಿಂದಲೇ ಬೈಗುಳ ತಿಂದರು. ಆ ಧೈರ್ಯವಿಲ್ಲದವರು ಅವರ ಹೆಸರನ್ನು ಹಾಡಿನಲ್ಲಿ ಸೇರಿಸಿ ಏನು ಪ್ರಯೋಜನ? ಮೇಳದ ಶಕ್ತಿ ಇದ್ದದ್ದು ಯಾರು ಯಾರ ಪಕ್ಕ ಕೂತಿದ್ದಾರೆ ಎಂಬುದರಲ್ಲಿ. ಒಬ್ಬರ ತಂತಿಗೆ ಇನ್ನೊಬ್ಬರು ದನಿ ಕೂಡಿಸಬೇಕಾದರೆ ಮೊದಲು ಕಿವಿಗೊಡಬೇಕು. ಭಾಷಣದ ಸೌಹಾರ್ದ ಇಪ್ಪತ್ತು ವರ್ಷದಲ್ಲಿ ಮಾಡದ್ದನ್ನು ಒಂದು ಸೋಮವಾರ ರಾತ್ರಿ ಮಾಡುತ್ತಿತ್ತು.

ಹೊಟ್ಟೆಗಿಲ್ಲದಾಗ ಸಂಗೀತವೇ?

ಈ ಪ್ರಶ್ನೆ ಬರುತ್ತದೆಂದು ಗೊತ್ತು. 1980ರಲ್ಲಿ ಗೋಲಿಬಾರಿಗೆ ರೈತರನ್ನು ಕಳೆದುಕೊಂಡ ತಾಲ್ಲೂಕು ನವಲಗುಂದ. 2015ರಿಂದ ಮಹದಾಯಿ ನೀರಿಗಾಗಿ ಬೀದಿಯಲ್ಲಿ 

ಕೂತದ್ದೂ ಅದೇ ನವಲಗುಂದ. ಮಳೆ ಬಂದರೆ ಹೆಸರು ಕೊಳೆಯುತ್ತದೆ, ಬಾರದಿದ್ದರೆ ಕಡಲೆ ಒಣಗುತ್ತದೆ. ಇಂಥಲ್ಲಿ ಏಕತಾರಿಯ ಮಾತೇ ಎಂದು ನಗರದ ಗೆಳೆಯರು ಕೇಳುತ್ತಾರೆ. ಆದರೆ ಏಕತಾರಿಯನ್ನು ಉಳ್ಳವರು ಎಂದೂ ನುಡಿಸಿಲ್ಲ. ಬರಗಾಲದಲ್ಲೂ ಅದನ್ನು ಮೀಟಿದವರು ಬಡವರೇ. ಸಂಗೀತವನ್ನು ಹೊಟ್ಟೆ ತುಂಬಿದವರ ಶೋಕಿ ಎಂದು ಭಾವಿಸುವುದೇ ಹೊಟ್ಟೆ ತುಂಬಿದವರ ಅಭ್ಯಾಸ. ರೈತ ಒಂಟಿಯಾಗಿ ಸಾಯುತ್ತಿರುವ ಕಾಲವಿದು. ವಾರಕ್ಕೊಮ್ಮೆ ಅವನನ್ನು ಹತ್ತು ಜನರ ನಡುವೆ ಕೂಡಿಸುತ್ತಿದ್ದ ಒಂದು ವ್ಯವಸ್ಥೆಯನ್ನು ಕಳೆದುಕೊಂಡದ್ದು ಸಣ್ಣ ನಷ್ಟವಲ್ಲ.

ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಗ್ರಾಮ ಪಂಚಾಯ್ತಿಯ ಗ್ರಂಥಾಲಯಗಳು ಸಂಜೆ ಬೀಗ ಹಾಕಿಕೊಳ್ಳುತ್ತವೆ. ವಾರದಲ್ಲಿ ಎರಡು ಸಂಜೆ ಅವು ತೆರೆದಿರಲಿ. ಗುಡಿಗೆ ಬರಲಾರದವರು, ಮಸೀದಿಗೆ ಬರಲಾರದವರು ಇಬ್ಬರೂ ಅಲ್ಲಿ ಕೂಡ್ರಬಹುದು. ಹೆಂಗಸರೂ ಕೂಡ್ರಬಹುದು. ಸಂಗೀತದ ಮಹನೀಯರ ಹೆಸರಿನ ಟ್ರಸ್ಟುಗಳು ತಮ್ಮ ಕಾರ್ಯಕ್ರಮಗಳಲ್ಲಿ ಒಂದನ್ನು ಕಡಿಮೆ ಮಾಡಿ, ಪ್ರತಿ ತಾಲ್ಲೂಕಿಗೆ ಹತ್ತು ಏಕತಾರಿ, ನಾಲ್ಕು ತಂಬೂರಿ, ಎರಡು ಸಿತಾರು ಇಡಲಿ. ಪುಸ್ತಕ ಕೊಟ್ಟಂತೆ ಅವನ್ನು ಎರವಲು ಕೊಡಲಿ. ಮೀರಜಿನ ಕಾರೀಗರರನ್ನು ವರ್ಷಕ್ಕೊಮ್ಮೆ ಕರೆಸಿ ಜಂತಿಯ ಮೇಲಿನ ಮುರಿದ ವಾದ್ಯಗಳಿಗೆ ಜೀವ ಕೊಡಿಸಲಿ. ಉತ್ಸವಗಳಲ್ಲಿ ಒಂದು ತಾಸನ್ನು ಮೇಳಗಳಿಗೆ ಬಿಡಲಿ. ಬಹುಮಾನವಿಲ್ಲದ ತಾಸು. ಅಂದು ವೇದಿಕೆಯ ಗಾಯಕರು ಕೆಳಗೆ ಖುರ್ಚಿಯಲ್ಲಿ ಕೂತು ಕೇಳಲಿ. ಅವರಿಗೆ ಹಾಸಲು ನವಲಗುಂದದ ಜಮಖಾನವಿದೆ. ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೆ ಕೂತು ನೇಯುವ ಆ ಜಮಖಾನದ ಮೇಲೆ ಈ ನಾಡಿನ ಎಷ್ಟೋ ಭಜನೆಗಳು ನಡೆದಿವೆ. ನೇಯ್ದವಳಿಗೂ ಅದರ ಮೇಲೆ ಕೂತು ನುಡಿಸುವ ಸರದಿ ಬರಲಿ.

ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ. ಜವಾರಿ ಹತ್ತಿ, ಜವಾರಿ ಕೋಳಿ. ತಂಬೂರಿ ಮಾಡುವವರ ಭಾಷೆಯಲ್ಲಿ ಜವಾರಿ ಎಂದರೆ ಬೇರೆ. ತಂತಿ ಹಾದುಹೋಗುವ ಕುದುರೆಯ ಮೇಲ್ಮೈಯನ್ನು ಹದವಾಗಿ ತಿದ್ದಿ ನಾದ ಬಿಚ್ಚಿಕೊಳ್ಳುವಂತೆ ಮಾಡುವ ಕೆಲಸ. ಎಷ್ಟೇ ಬೆಲೆಬಾಳುವ ತಂಬೂರಿಯಾದರೂ ಕೊನೆಗೆ ಆ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಹತ್ತಿಯ ಎಳೆ ಸಿಕ್ಕಿಸದಿದ್ದರೆ ಅದು ಪೂರ್ತಿ ನುಡಿಯುವುದಿಲ್ಲ. ಆ ಎಳೆಗೆ ಜೀವಾ ಎಂದೇ ಹೆಸರು. ಹತ್ತಿ ಬೆಳೆಯುವವರು, ಹತ್ತಿ ಹಿಂಜುವವರು ನಾವು.

ಅಪ್ಪ ಈಗಿಲ್ಲ. ಹೋದ ಶ್ರಾವಣದಲ್ಲಿ ನಾನು ಜಂತಿಯಿಂದ ಅವನ ಏಕತಾರಿ ಇಳಿಸಿದೆ. ಬುರುಡೆ ಒಂದು ಕಡೆ ಸೀಳಿದೆ, ತಂತಿ ತುಕ್ಕು ಹಿಡಿದಿದೆ. ನನಗೆ ಐವತ್ತು ದಾಟಿದೆ, ಮೀಟಲು ಬರುವುದಿಲ್ಲ. ಅಪ್ಪನ ಮೇಳದವರಲ್ಲಿ ಉಳಿದಿರುವ ಒಬ್ಬ ಮುದುಕ ಬಡಿಗನ ಮನೆಗೆ ಅದನ್ನು ಒಯ್ದೆ. ಅವನು ಸೀಳಿಗೆ ಅಂಟು ಹಾಕಿ, ಹೊಸ ತಂತಿ ಬಿಗಿದು, ತನ್ನ ದನಿಗೆ ಕೂಡಿಸಿ ನನ್ನ ಕೈಗೆ ಕೊಟ್ಟ. ‘ಸೋಮವಾರ ಬಾ’ ಎಂದ. ಕಟ್ಟೆಯ ಮೇಲೋ ಕೆಳಗೋ ಎಂದು ನಾನು ಕೇಳಲಿಲ್ಲ. ಅವನ ಮನೆಯ ಪಡಸಾಲೆಯಲ್ಲೇ ಕೂಡುತ್ತಿದ್ದೇವೆ. ಈಗ ನಾವು ಐದು ಜನ ಇದ್ದೇವೆ. ಅದರಲ್ಲಿ ಒಬ್ಬಳು ಅವನ ಸೊಸೆ. ನಿಮ್ಮ ಮನೆಯ ಜಂತಿಯನ್ನೂ ಒಮ್ಮೆ ನೋಡಿ.